ಎಮ್ಮೆಗೆ ನೀವು, ಯಜಮಾನರಿಗೆ ನೀನು

ಭೀಮರಾಜು ಆ ಬೆಳಿಗ್ಗೆ ಮಾಡಿದ ತಪ್ಪು ಒಂದೇ. ಫೋನಿನ ದನಿಯನ್ನು ಪೂರ್ತಿ ಏರಿಸಿಬಿಟ್ಟಿದ್ದ.

ಗೌಡಗೆರೆಯಿಂದ ಮೂರು ಮೈಲಿ ಒಳಗಿದ್ದ ಅವನ ಹಳ್ಳಿಯಲ್ಲಿ ಯಾವುದೋ ಟ್ರಸ್ಟಿನವರು ದನಕುರಿಗಳಿಗೆ ಆಸ್ಪತ್ರೆ ತೆರೆದು ಒಂದು ತಿಂಗಳಾಗಿತ್ತು. ಆಸ್ಪತ್ರೆ ಎಂದರೆ ಪಂಚಾಯಿತಿಯ ಮಾಜಿ ಅಧ್ಯಕ್ಷ ದೊಡ್ಡಹನುಮಯ್ಯನವರು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿದ್ದ ಹಳೆಯ ರೇಷ್ಮೆ ಹುಳುವಿನ ಮನೆ. ಡಾಕ್ಟರು ಮೇಘಾಲಯದ ಹೆಣ್ಣುಮಗಳು, ಹೆಸರು ಇಬಾನ್ರಿ. ಕೊನೆಯ 'ರಿ' ಗೌರವಕ್ಕೆ ಸೇರಿಸಿದ್ದಿರಬೇಕೆಂದು ತಿಳಿದ ಭೀಮರಾಜು ಮೊದಲ ವಾರವೆಲ್ಲ ಚೀಟಿಗಳ ಮೇಲೆ 'ಡಾ. ಇಬಾನ್' ಎಂದೇ ಬರೆದಿದ್ದ.

ಅವನು ಅಲ್ಲಿ ಸಹಾಯಕ. ದನ ಹಿಡಿಯಬೇಕು, ಚೀಟಿ ಬರೆಯಬೇಕು, ಕಸ ಗುಡಿಸಬೇಕು. ಆರು ವರ್ಷ ಊರೂರು ಅಲೆದ ಮೇಲೆ ಸಿಕ್ಕ ಕೆಲಸ ಅದು. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ, ಅವನ ಇಂಗ್ಲಿಷು 'ಯೆಸ್ ಮೇಡಂ' ದಾಟುತ್ತಿರಲಿಲ್ಲ. ತಿಂಗಳಿಡೀ ಕೈಸನ್ನೆಯಲ್ಲೇ ಕಾಲ ಹಾಕಿದ್ದಾಯಿತು. ಹಿಂದಿನ ದಿನ ಶಿರಾಕ್ಕೆ ಹೋದಾಗ ಮೊಬೈಲ್ ಅಂಗಡಿಯ ನವಾಜ್ ಅವನ ಫೋನಿಗೆ ಒಂದು ಆಪ್ ಹಾಕಿಕೊಟ್ಟಿದ್ದ. ಇಂಗ್ಲಿಷಿನಲ್ಲಿ ಆಡಿದ ಮಾತನ್ನು ಅದು ಕನ್ನಡದಲ್ಲಿ ಕೂಗಿ ಹೇಳುತ್ತಿತ್ತು. ಭೀಮರಾಜು ಫೋನಿಗೆ ದಾರ ಕಟ್ಟಿ, ಲಿಂಗದಕಾಯಿಯ ಹಾಗೆ ಕೊರಳಿಗೆ ಹಾಕಿಕೊಂಡು ಬಂದಿದ್ದ.

ಮೊದಲು ಬಂದವಳು ಚಿಕ್ಕಹನುಮಕ್ಕ. ಎಪ್ಪತ್ತು ದಾಟಿದ ಮುದುಕಿ, ಕಂಕುಳಲ್ಲಿ ಹೊಟ್ಟೆ ಉಬ್ಬಿದ ಮೇಕೆಮರಿ. ಡಾಕ್ಟರು ನಗುತ್ತಾ ಏನೋ ಅಂದರು. ಫೋನು ಕೂಗಿತು: "ನೀನು ಹೆದರಬೇಡ. ನೀನು ಇಲ್ಲಿ ಕುಳಿತುಕೋ."

ಚಿಕ್ಕಹನುಮಕ್ಕನ ಕಣ್ಣು ತುಂಬಿ ಬಂತು. "ನೋಡ್ಲಾ ಭೀಮಾ, ಹೊಟ್ಟೇಲಿ ಹುಟ್ಟಿದ್ ಮಗ್ಳು ಮಾತಾಡ್ಸಿದಂಗೆ ಮಾತಾಡಿಸ್ತೈತೆ ಈ ತಾಯಿ!" ಎಂದು ಡಾಕ್ಟರ ಗಲ್ಲ ಸವರಿ ಲಟಿಗೆ ಮುರಿದಳು. ಭೀಮರಾಜು ಎದೆಯುಬ್ಬಿಸಿ ನಿಂತ.

ಆಮೇಲೆ ಬಂದವರು ದೊಡ್ಡಹನುಮಯ್ಯನವರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಮುಂದೆ ಒಂದು ಗೇಣು ನಡೆಯುವ ಹೊಟ್ಟೆ, ಹಿಂದೆ ಎರಡು ವರ್ಷದಿಂದ ಗಬ್ಬ ನಿಲ್ಲದ ಎಮ್ಮೆ. ಹೊರಗೆ ಚೀಟಿಗೆ ಕಾದಿದ್ದ ಹತ್ತು ಹನ್ನೆರಡು ಜನ ಎದ್ದು ದಾರಿ ಬಿಟ್ಟರು. ಡಾಕ್ಟರು ಎಮ್ಮೆಯ ಕಣ್ಣು ಬಿಡಿಸಿ ನೋಡಿ, ಇವರ ಕಡೆ ತಿರುಗಿ ಏನೋ ಕೇಳಿದರು.

"ನೀನು ಏಕೆ ಇಷ್ಟು ತಡವಾಗಿ ಬಂದೆ?" ಎಂದಿತು ಫೋನು, ಬಸ್ ನಿಲ್ದಾಣದವರೆಗೂ ಕೇಳುವ ಹಾಗೆ. "ನೀನು ಮೂಲೆಯಲ್ಲಿ ನಿಂತುಕೋ."

ಹೊರಗೆ ಯಾರೋ ಕಿಸಕ್ಕೆಂದರು. ದೊಡ್ಡಹನುಮಯ್ಯನವರ ಮುಖ ಕೆಂಡದ ಹಾಗಾಯಿತು.

"ಏನಂತು? ನನ್ನ ನೀನು ಅಂತಾ? ಎಮ್ಮೆಲ್ಲೆನೇ ನನ್ನ ನೀವು ಅಂತಾನೆ ಕಣ್ಲಾ! ನೆನ್ನೆ ಬಂದೋರು ಏಕವಚನದಾಗೆ ಮೂಲೆಗೆ ನಿಲ್ಲು ಅಂತಾರಾ?"

"ಅಣ್ಣಾ, ಅಂದಿದ್ದು ಮೇಡಮ್ಮಲ್ಲ, ಫೋನು."

"ಫೋನ್ ಯಾರ್ದು?"

"ನಂದೇಯ."

"ಅಂಗಾರೆ ಅಂದೋನು ನೀನು! ಸಾಯಂಕಾಲ ಐದ್ ಗಂಟೆಗೆ ಬೀಗ ತತ್ತೀನಿ. ಆಸ್ಪತ್ರೆನ ಆಲದ ಮರದ ಕೆಳಗೆ ಮಾಡ್ಕಳಿ." ಎಮ್ಮೆಯನ್ನು ಎಳೆದುಕೊಂಡು ಹೊರಟೇಬಿಟ್ಟರು.

ಡಾಕ್ಟರು ಏನಾಯಿತೆಂದು ಹುಬ್ಬು ಹಾರಿಸಿದರು. "ನೋ ಪ್ರಾಬ್ಲಂ ಮೇಡಂ" ಎಂದ ಭೀಮರಾಜು, ಬೆವರು ಒರೆಸಿಕೊಳ್ಳುತ್ತಾ.

ಮಧ್ಯಾಹ್ನ ಊಟಕ್ಕೂ ಹೋಗದೆ ಅವನು ನರಸಿಂಹರಾಜು ಮೇಷ್ಟ್ರ ಮನೆಗೆ ಓಡಿದ. ಮೇಷ್ಟ್ರು ಪುರವರದ ಶಾಲೆಯಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಒಬ್ಬರೂ ಅವರನ್ನು ಇಂಗ್ಲಿಷಿನ ವಿಚಾರ ಕೇಳಿರಲಿಲ್ಲ. ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದವರು, "ಡಾಕ್ಟ್ರು 'ಯೂ' ಅಂದ್ರು ಸಾರ್. ಅದು ನೀನೋ, ನೀವೋ?" ಎಂಬ ಪ್ರಶ್ನೆ ಕೇಳಿದ್ದೇ ಮೊರವನ್ನು ಪಕ್ಕಕ್ಕೆ ಸರಿಸಿದರು.

"ಕೂತ್ಕೊಳಯ್ಯಾ. ಒಳ್ಳೇ ಪ್ರಶ್ನೆ ತಂದಿದೀಯ. ಹಿಂದೆ ಇಂಗ್ಲಿಷ್‌ನೋರಿಗೂ ನಮ್ಮ ಹಂಗೇ ಎರಡಿತ್ತು. ಒಬ್ಬನೇ ಇದ್ರೆ 'ದೌ'. ಅಂದ್ರೆ ನೀನು. ಹತ್ತು ಜನ ಇದ್ರೆ 'ಯೀ', 'ಯೂ'. ಅಂದ್ರೆ ನೀವು. ಆಮೇಲೆ ರಾಜ ಒಬ್ಬನೇ ಇದ್ರೂ 'ಯೂ' ಅನ್ನೋದಕ್ಕೆ ಶುರು ಮಾಡಿದ್ರು. ರಾಜನಿಗೆ ಅಂದ್ರೆ ಮಂತ್ರಿ ಸುಮ್ನಿರ್ತಾನಾ? ನಂಗೂ ಅನ್ನು ಅಂದ. ಮಂತ್ರಿ ಆದ್ಮೇಲೆ ಜಮೀನ್ದಾರ, ಅವನಾದ್ಮೇಲೆ ಅಂಗಡಿಯವನು. ಕೊನೆಗೆ ಯಾರಿಗೆ 'ದೌ' ಅಂದ್ರೆ ಸಿಟ್ಟು ಬರುತ್ತೋ ಅಂತ ಹೆದರಿ, ಎಲ್ಲಾರ್ಗೂ 'ಯೂ' ಅಂದ್ಬಿಟ್ರು. 'ದೌ' ಪಾಪ ಕೆಲಸ ಇಲ್ದೆ ಸತ್ತೋಯ್ತು."

ಭೀಮರಾಜು ಬಂದ ಕೆಲಸವನ್ನೇ ಮರೆತ. "ಪೂರ್ತಿ ಸತ್ತೋಯ್ತಾ ಸಾರ್?"

"ದೇವರ ಪ್ರಾರ್ಥನೇಲಿ ಇನ್ನೂ ಉಸಿರಾಡ್ತಿದೆ. ಇಂಗ್ಲೆಂಡಿನ ಕೆಲವು ಹಳ್ಳಿಗಳಲ್ಲೂ ಇದೆಯಂತೆ."

"ನಾವೂ ಅಷ್ಟೇ ಅಲ್ವಾ ಸಾರ್! ದೇವ್ರನ್ನ 'ನೀನೇ ಕಾಪಾಡಪ್ಪ' ಅಂತೀವಿ. ದೊಡ್ಡಹನುಮಯ್ಯನೋರ್ನ ನೀವು ಅಂತೀವಿ. ಅಂಗಾರೆ ದೇವ್ರಿಗಿಂತ ಇವ್ರು ದೊಡ್ಡೋರಾ?"

"ದೇವರು ಬೀಗ ಹಾಕಲ್ವಲ್ಲಯ್ಯಾ" ಎಂದರು ಮೇಷ್ಟ್ರು.

ಬೀಗದ ಮಾತು ಬಂದಿದ್ದೇ ಭೀಮರಾಜುವಿಗೆ ಗಡಿಯಾರದ ನೆನಪಾಯಿತು. ದಾರಿಯಲ್ಲೇ ನವಾಜ್‌ಗೆ ಫೋನ್ ಮಾಡಿದ.

"ಅರೇ ಭಾಯ್, ನಮ್ದ್ರಲ್ಲಿ ತೂ, ತುಮ್, ಆಪ್ ಅಂತ ಮೂರು ಐತೆ. ಇಂಗ್ಲಿಷಲ್ಲಿ ಒಂದೇ. ಮಷೀನ್‌ಗೆ ಹೆಂಗ್ ಗೊತ್ತಾಗ್ಬೇಕು?" ಎಂದ ನವಾಜ್. "ಸೆಟ್ಟಿಂಗ್ಸ್‌ಗೆ ಹೋಗಿ. ಕೆಳಗಡೆ 'ಗೌರವ' ಅಂತ ಒಂದ್ ಬಟನ್ ಐತೆ. ಒತ್ಬಿಡಿ. ಆಮೇಲೆ ಎಲ್ಲಾರ್ಗೂ ಇಜ್ಜತ್ತೇ ಇಜ್ಜತ್ತು!"

ಭೀಮರಾಜು ಬಟನ್ ಒತ್ತಿದ. ಆಮೇಲೆ ನೆಟ್ಟಗೆ ದೊಡ್ಡಹನುಮಯ್ಯನವರ ಮನೆಗೆ ಹೋಗಿ, ಮೇಷ್ಟ್ರು ಹೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದ.

"ಅಂದ್ರೆ ಆಯಮ್ಮ ಬಾಯಾಗೆ ಅಂದಿದ್ದು ನೀವೇನಾ?"

"ಬರೀ ನೀವಲ್ಲ ಅಣ್ಣಾ. ರಾಜ್ರಿಗೆ ಅಂತಿದ್ದ ನೀವು."

'ರಾಜ' ಎಂಬ ಮಾತು ಬಿಸಿಯನ್ನದ ಮೇಲಿನ ಬೆಣ್ಣೆಯ ಹಾಗೆ ಇಳಿಯಿತು. ದೊಡ್ಡಹನುಮಯ್ಯನವರು ಮೀಸೆ ನೀವಿಕೊಂಡರು. "ನಂಗೊಬ್ನಿಗೆ ಗೊತ್ತಾದ್ರೆ ಆಗಕಿಲ್ಲ ಕಣ್ಲಾ. ಬೆಳಿಗ್ಗೆ ಕಿಸ್ಕಂಡೋರ ಎದುರ್ಗೇ ನೀವು ಅನ್ಬೇಕು. ನಾಕ್ ಗಂಟೆಗೆ ಬತ್ತೀನಿ."

ನಾಲ್ಕಕ್ಕೆ ಆಸ್ಪತ್ರೆಯ ಮುಂದೆ ಅರ್ಧ ಊರು ನೆರೆದಿತ್ತು. ಮೇಷ್ಟ್ರು ಕುರ್ಚಿ ತರಿಸಿಕೊಂಡು ಕೂತಿದ್ದರು. ಚಿಕ್ಕಹನುಮಕ್ಕ ಮರಿಗೆ ಎರಡನೇ ಸಲ ಔಷಧಿ ಕುಡಿಸಲು ಬಂದಿದ್ದಳು. ಫೋನು ಅವಳಿಗೆ, "ನೀವು ದಯವಿಟ್ಟು ಆಸೀನರಾಗಿ" ಎಂದಿತು. ಮುದುಕಿ ಕಂಗಾಲಾದಳು.

"ಯಾಕ್ಲಾ ಭೀಮಾ, ಬೆಳಿಗ್ಗೆ ಮಗ್ಳಂಗಿದ್ಲು, ಈಗ ಬೀಗಿತ್ತಿ ಆಗ್ಬುಟ್ಲಾ? ನಾನೇನ್ ತಪ್ ಮಾಡ್ದೆ?" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅವಳನ್ನು ಸಮಾಧಾನ ಮಾಡಲು ಭೀಮರಾಜುವಿಗೆ ಪುರುಸೊತ್ತಿರಲಿಲ್ಲ. ದೊಡ್ಡಹನುಮಯ್ಯನವರು ಎಮ್ಮೆಯ ಸಮೇತ ಬಂದೇಬಿಟ್ಟಿದ್ದರು.

"ನಮಸ್ಕಾರ. ನೀವು ಬಂದಿದ್ದು ಸಂತೋಷ. ನೀವು ದಯವಿಟ್ಟು ಇಲ್ಲಿ ನಿಲ್ಲಿ" ಎಂದಿತು ಫೋನು.

ದೊಡ್ಡಹನುಮಯ್ಯನವರು ಜನದ ಕಡೆ ಒಂದು ಸುತ್ತು ನೋಡಿ, ಎಮ್ಮೆಯ ಪಕ್ಕದಲ್ಲಿ ರಾಜಗಾಂಭೀರ್ಯದಿಂದ ನಿಂತರು. ಡಾಕ್ಟರು ತೋಳುದ್ದದ ಗ್ಲೌಸು ಹಾಕಿಕೊಂಡು ಎಮ್ಮೆಯ ಹಿಂದಕ್ಕೆ ಹೋದರು. ಒಳಗೆ ಕೈಯಾಡಿಸುತ್ತಿದ್ದಂತೆ ಅವರ ಮುಖ ಅರಳಿತು. ದನಗಳೊಂದಿಗೆ ಮಾತಾಡುವುದು ಅವರ ಅಭ್ಯಾಸ. ಎಮ್ಮೆಯ ಬೆನ್ನು ತಟ್ಟಿ, ಮುದ್ದಿನಿಂದ ಏನೋ ಹೇಳಿದರು.

ಭೀಮರಾಜುವಿನ ಕೊರಳಿನಿಂದ ಫೋನು ಊರಿಗೆಲ್ಲ ಸಾರಿತು: "ಅಭಿನಂದನೆಗಳು. ನೀವು ಗರ್ಭಿಣಿಯಾಗಿದ್ದೀರಿ. ನಿಮಗೆ ಐದು ತಿಂಗಳು ತುಂಬಿದೆ."

ದೊಡ್ಡಹನುಮಯ್ಯನವರು ತಮಗರಿಯದಂತೆ ಬಗ್ಗಿ ಹೊಟ್ಟೆ ನೋಡಿಕೊಂಡರು. ಅಷ್ಟು ಸಾಕಾಯಿತು. ಇಡೀ ಊರು ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರ ಕನ್ನಡಕ ಕೆಳಗೆ ಬಿತ್ತು.

"ಅಣ್ಣಾ, ಅಣ್ಣಾ! ಅಂದಿದ್ದು ನಿಮಗಲ್ಲ, ಎಮ್ಮೆಗೆ!" ಭೀಮರಾಜು ಕೈಮುಗಿದ.

"ಎಮ್ಮೆಗಾ?" ದೊಡ್ಡಹನುಮಯ್ಯನವರು ಗುಡುಗಿದರು. "ಎಮ್ಮೆಗೆ ನೀವು, ನಂಗೆ ನೀನಾ? ಬೆಳಿಗ್ಗೆ ನನ್ನ ಮೂಲೆಗೆ ನಿಲ್ಲು ಅಂದಿದ್ದು, ಈಗ ಎಮ್ಮೆಗೆ ಅಭಿನಂದನೆ ಹೇಳ್ತೈತಾ? ಬೀಗ ಎಲ್ಲೈತ್ಲಾ?"

"ಅಣ್ಣಾ, ಬೀಗ ಆಮೇಲೆ ಹಾಕೀರಂತೆ. ಎಮ್ಮೆ ಗಬ್ಬ ಆಗೈತೆ ಅಣ್ಣಾ! ಐದ್ ತಿಂಗಳು!"

ಆ ಮಾತು ಒಳಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ದೊಡ್ಡಹನುಮಯ್ಯನವರ ಮೀಸೆಯ ಕೆಳಗೆ ಏನೋ ಅಲುಗಾಡಿತು. ಎರಡು ವರ್ಷ ಕಂಡಕಂಡವರಿಗೆಲ್ಲ ತೋರಿಸಿ ಕೈಬಿಟ್ಟಿದ್ದ ಎಮ್ಮೆ! ಅವರು ಎಮ್ಮೆಯ ಹಣೆ ಸವರಿದರು. "ನಿಜವೇನ್ಲಾ? ಏನೋಪ್ಪ. ಹೋಗ್ಲಿ ಬುಡು. ಬಸುರಿ ಎಮ್ಮೆಗೆ ಮರ್ಯಾದೆ ಕೊಟ್ರೆ ನನ್ನ ಗಂಟೇನ್ ಹೋಯ್ತು" ಎಂದು ತಾವೇ ನಕ್ಕರು. ಜನವೂ ಹಗುರಾಯಿತು. ಯಾರೋ ಟೀ ತಂದರು. ಭೀಮರಾಜು ಗೋಡೆಗೊರಗಿ, ತಾನೂ ಒಂದು ಲೋಟ ಟೀ ಹಿಡಿದ.

ಮೇಷ್ಟ್ರು ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಅವರು ಡಾಕ್ಟರ ಹತ್ತಿರ ಹೋಗಿ, ಬೆಳಗಿನಿಂದ ನಡೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಡಾಕ್ಟರು ಹೌಹಾರಿದರು. ಫೋನನ್ನು ಆಫ್ ಮಾಡಲು ಭೀಮರಾಜುವಿಗೆ ಕೈಸನ್ನೆಯಲ್ಲೇ ಹೇಳಿ, ಮೇಷ್ಟ್ರ ಕಿವಿಯಲ್ಲಿ ಏನೋ ಉಸುರಿದರು. ಮೇಷ್ಟ್ರು ಸಂಭ್ರಮದಿಂದ ಜನದ ಕಡೆ ತಿರುಗಿದರು.

"ಎಲ್ಲಾರೂ ಕೇಳಿ! ಡಾಕ್ಟ್ರು ಒಂದು ತಿಂಗಳಿಂದ ಗುಟ್ಟಾಗಿ ಕನ್ನಡ ಕಲೀತಾ ಇದ್ದಾರಂತೆ. ಭೀಮರಾಜು ದಿನಾ ದನ ಹಿಡ್ಕೊಂಡಾಗ ಆಡೋ ಮಾತನ್ನೆಲ್ಲ ಪುಸ್ತಕದಲ್ಲಿ ಬರ್ಕೊಂಡು ಬಾಯಿಪಾಠ ಮಾಡಿದ್ದಾರಂತೆ. ಅಧ್ಯಕ್ಷರಿಗೆ ಈಗ ಅವರ ಬಾಯಲ್ಲೇ ಕನ್ನಡದಲ್ಲಿ ಗೌರವ ಸಲ್ಲಿಸ್ತಾರೆ!"

ಚಪ್ಪಾಳೆ ಬಿತ್ತು. ಭೀಮರಾಜು ಮಾತ್ರ ತಟ್ಟಲಿಲ್ಲ. ತಾನು ದನ ಹಿಡಿದಾಗ ಏನೇನು ಆಡುತ್ತೇನೆಂದು ನೆನೆಸಿಕೊಳ್ಳುತ್ತಿದ್ದ. "ಮೇಡಂ... ನೋ, ನೋ ಮೇಡಂ..." ಎಂದು ಮುಂದಕ್ಕೆ ನುಗ್ಗಿದ. ತಡವಾಗಿತ್ತು.

ಡಾಕ್ಟರು ದೊಡ್ಡಹನುಮಯ್ಯನವರ ಎದುರು ತಲೆಬಾಗಿ ಕೈಮುಗಿದು, ಒಂದೊಂದೇ ಅಕ್ಷರವನ್ನು ಮುತ್ತು ಪೋಣಿಸಿದ ಹಾಗೆ, ನಗುನಗುತ್ತಾ ಹೇಳಿದರು:

"ಬಾರ್ಲಾ ಮೂದೇವಿ. ನೆಟ್ಟಗ್ ನಿಂತ್ಕಳ್ಲಾ. ಒದ್ದಾಡಿದ್ರೆ ಮೂಗುದಾರ ಹಾಕ್ತೀನಿ ನೋಡು."

ಡಾಕ್ಟರು, ಕಲಿಸಿದ ಗುರುವಿಗೂ ಪಾಲು ಸಲ್ಲಲೆಂದು, ಎರಡೂ ಕೈ ಚಾಚಿ ಭೀಮರಾಜುವನ್ನು ತೋರಿಸಿದರು.

ದೊಡ್ಡಹನುಮಯ್ಯನವರು ಟೀ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಹೆಗಲ ಟವಲನ್ನು ಕೊಡವಿ ಸೊಂಟಕ್ಕೆ ಬಿಗಿದರು. ಆಮೇಲೆ, ಹುಟ್ಟಿದಾಗಿನಿಂದ ಆ ಊರಿನಲ್ಲಿ ಒಬ್ಬರೂ ಭೀಮರಾಜುವಿಗೆ ಕೊಡದಿದ್ದಷ್ಟು ಮರ್ಯಾದೆಯನ್ನು ದನಿಯಲ್ಲಿ ತುಂಬಿಕೊಂಡು ಕೇಳಿದರು:

"ಭೀಮರಾಜು ಅವರೇ, ತಾವು ಒಂದು ನಿಮಿಷ ಹೊರಗೆ ಬರ್ತೀರಾ?"