ಅರ್ಧ ಮೀಸೆಯ ಮುಷ್ಕರ

ಸಲೂನಿನ ಮಾಲೀಕ ತಲೆಗೆ ಬಣ್ಣ ಹಚ್ಚುತ್ತಾನೆಂಬುದು ಅವನಿಗೂ ಅವನ ಹೆಂಡತಿಗೂ ಮಾತ್ರ ಗೊತ್ತಿದ್ದ ಗುಟ್ಟು. ಬುಧವಾರ ಸಂಜೆ ಅದು ಹೇಗೋ ಅಂಗಡಿಯ ಕೆಲಸಗಾರರ ಕಿವಿಗೆ ಬಿತ್ತು. ಗುರುವಾರ ಬೆಳಿಗ್ಗೆ ಹಾಲಿನವನು ಬಾಗಿಲಲ್ಲಿ ನಿಂತು, "ಅಣ್ಣಾ, ಯಾವ ಕಂಪನೀದು? ನಮ್ಮ ಭಾವನಿಗೂ ಒಂದು ಡಬ್ಬಿ ಬೇಕಿತ್ತು," ಎಂದ.

ಮಾಲೀಕನಿಗೆ ಮೈಯೆಲ್ಲ ಉರಿದುಹೋಯಿತು. ಇದು ಯಾರ ಕೆಲಸವೆಂದು ಯಾರೂ ಹೇಳಬೇಕಾಗಿರಲಿಲ್ಲ. ಹಿರಿಯ ಕೆಲಸಗಾರನಿಗೆ ಬೀದಿಯವರು ಇಟ್ಟ ಹೆಸರೇ ರೇಡಿಯೋ. ಎರಡನೆಯವನು ರೇಡಿಯೋ ಹೇಳಿದ್ದಕ್ಕೆಲ್ಲ "ಹೌದಾ?" ಎಂದು ಗಾಳಿ ಹಾಕುವವನು. ನಲವತ್ತು ದಾಟಿದ ಆ ಮನುಷ್ಯನನ್ನು ಎಲ್ಲರೂ ಹೌದಾ ಎಂದೇ ಕರೆಯುತ್ತಿದ್ದರು. ಇಬ್ಬರ ಕೈಯೂ ಚಿನ್ನ, ಅದನ್ನು ಮಾಲೀಕನೂ ಒಪ್ಪುತ್ತಿದ್ದ. ಆದರೆ ಇವರ ಸುದ್ದಿಯಲ್ಲಿ ಒಂದು ಕಟಿಂಗಿಗೆ ಒಂದು ಗಂಟೆ ಹಿಡಿದು, ಕಾದು ಕೂತವರು ಎದ್ದು ಹೋಗುತ್ತಿದ್ದರು.

ಅಂಗಡಿ ತೆಗೆದವನೇ ಮಾಲೀಕ ಆರ್ಡರ್ ಹೊರಡಿಸಿದ.

"ಇವತ್ತಿಂದ ಗಿರಾಕಿ ಜೊತೆ ಮಾತು ಬಂದ್. ಒಂದು ಮಾತು ಹೆಚ್ಚಾದ್ರೂ ನಿಮ್ಮ ವಾರದ ಅರ್ಧ ದಿನದ ರಜೆ ಕಟ್."

ರೇಡಿಯೋ ಬಾಚಣಿಗೆ ಒರೆಸುವುದನ್ನು ನಿಲ್ಲಿಸಿದ. "ಯಜಮಾನ್ರೇ, ಕತ್ತಿ ಹಿಡ್ಕೊಂಡು ಇನ್ನೊಬ್ಬರ ಕುತ್ತಿಗೆ ಹತ್ರ ನಿಲ್ಲೋ ಕೆಲಸ ನಮ್ದು. ಬಾಯಿ ಮುಚ್ಕೊಂಡು ನಿಂತ್ರೆ ಕೂತವನ ಗತಿ ಏನು?"

"ಗಿರಾಕಿ ಬರೋದು ಕೂದಲಿಗೆ, ನಿನ್ನ ಕತೆಗಲ್ಲ. ಅಲ್ಲದೆ ಇವತ್ತು ಕಟ್ಟಡದ ಓನರ್ ಸಾರ್ ಬರ್ತಿದಾರೆ. ಅಂಗಡಿ ಕರಾರು ಇವತ್ತಿಗೆ ಮುಗೀತು. ಎದುರುಗಡೆ ಮೊಬೈಲ್ ಅಂಗಡಿಯವನು ಈ ಜಾಗದ ಮೇಲೆ ಕಣ್ಣಿಟ್ಟಿದಾನೆ. ಸಾರ್ ಸಹಿ ಹಾಕದಿದ್ರೆ ನಾವು ಮೂರೂ ಜನ ಬೀದೀಲಿ."

"ಹೌದಾ?" ಎಂದ ಹೌದಾ.

ಮೊದಲು ಬಂದವನು ಬ್ಯಾಂಕಿನ ಗುಮಾಸ್ತ. ರೇಡಿಯೋ ಅವನ ಗಲ್ಲ ಮೇಲೆತ್ತಿ, ನೊರೆ ಹಚ್ಚಿ, ಕತ್ತಿ ಹಿಡಿದು ಮೌನವಾಗಿ ನಿಂತ.

"ಏನ್ ಸಮಾಚಾರ?" ಎಂದ ಗುಮಾಸ್ತ. ಅವನು ಹೌದಾನ ಕಡೆ ನೋಡಿದ. ಹೌದಾ ಗೋಡೆಯ ಕಡೆ ನೋಡಿದ.

"ನಿಮ್ಮ ತಮ್ಮನ ಸಾಲದ ಅರ್ಜಿ ವಾಪಸ್ ಮಾಡಿದ್ದು ನಾನಲ್ಲಪ್ಪ, ಮ್ಯಾನೇಜರು," ಎಂದ ಗುಮಾಸ್ತ ಸಣ್ಣ ದನಿಯಲ್ಲಿ. ರೇಡಿಯೋ ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿದ. ಗುಮಾಸ್ತ ಎದ್ದವನೇ ಕೊರಳಿನ ಬಟ್ಟೆ, ಮುಖದ ನೊರೆ ಸಮೇತ ಬೀದಿ ದಾಟಿಬಿಟ್ಟ.

ಅಷ್ಟರಲ್ಲಿ ಕಟ್ಟಡದ ಸಾರ್ ಬಂದರು. ಎತ್ತರದ ಆಳು, ಬಿಗಿದ ಮುಖ, ತುಟಿ ಮುಚ್ಚುವಷ್ಟು ದಪ್ಪ ಮೀಸೆ. ಕರಾರು ಪತ್ರದ ಚೀಲವನ್ನು ಮಡಿಲಲ್ಲಿಟ್ಟು ನಡುವಿನ ಕುರ್ಚಿಯಲ್ಲಿ ಕುಳಿತು, "ಮೀಸೆ. ಸ್ವಲ್ಪ ಗಿಡ್ಡ," ಎಂದರು.

ರೇಡಿಯೋ ಬಲಗಡೆಯ ಮೀಸೆ ಮುಗಿಸಿ ಎಡಕ್ಕೆ ತಿರುಗಿದವನು ತಡೆದು ನಿಂತ. "ಸಾರ್, ಈ ಕಡೆ..."

"ಬಾಯಿ!" ಎಂದು ಗುಡುಗಿದ ಮಾಲೀಕ.

"ಯಜಮಾನ್ರೇ, ಇಲ್ಲಿ ಹಳೇ ಗಾಯದ ಗುರುತಿದೆ. ಅದು ಮುಚ್ಚೋ ಹಾಗೆ ಬಿಡ್ಲಾ ಅಂತ ಕೇಳೋಕೂ ಬಾರದಾ?"

"ಅರ್ಧ ದಿನ ಕಟ್!"

ರೇಡಿಯೋ ಕತ್ತರಿ ಕೆಳಗಿಟ್ಟ. ಏಪ್ರನ್ ಬಿಚ್ಚಿದ. "ಹಾಗಿದ್ರೆ ಎಡಗಡೆ ನೀವೇ ನೋಡ್ಕೊಳ್ಳಿ," ಎಂದು ಹೊರನಡೆದ. ಹೌದಾ ಕೂಡ ಹಿಂದೆಯೇ ಹೋದ. ಇಬ್ಬರೂ ಪಕ್ಕದ ಟೈಲರ್ ಅಂಗಡಿಯ ಬೆಂಚಿನ ಮೇಲೆ ಕೈಕಟ್ಟಿ ಕುಳಿತರು.

ಮಾಲೀಕ ಅವರ ಹಿಂದೆ ಓಡಿದ. "ಅರ್ಧ ಮೀಸೆ ಬಿಟ್ಟು ಬರೋದು ಯಾವ ನ್ಯಾಯ?"

"ಮಾತಾಡೋ ಹಕ್ಕು ಕೊಡಿ, ಪೂರ್ತಿ ಮೀಸೆ ತಗೊಳ್ಳಿ," ಎಂದ ರೇಡಿಯೋ.

ಟೈಲರ್ ಬಾಯಿಂದ ಗುಂಡುಸೂಜಿ ತೆಗೆದು ನಡುವೆ ಬಂದ. "ಕೊಟ್ಟುಬಿಡಿ ಅಣ್ಣ. ಬಾಯಲ್ಲಿ ಸೂಜಿ ಇಟ್ಕೊಂಡು ನಾನೇ ಮಾತಾಡಲ್ವಾ?"

ಮಾಲೀಕನಿಗೆ ರೋಷ ಬಂತು. "ನನ್ನ ಅಂಗಡಿ ನಡೆಸೋಕೆ ನನಗೆ ಗೊತ್ತು!" ಎಂದು ಒಳಹೊಕ್ಕು, ಹನ್ನೊಂದು ವರ್ಷಗಳ ಮೇಲೆ ಕತ್ತರಿ ಹಿಡಿದ.

ಎಡಗಡೆ ಕತ್ತರಿಸಿದಾಗ ಅದು ಬಲಕ್ಕಿಂತ ಗಿಡ್ಡವಾಯಿತು. ಬಲಗಡೆ ಸರಿಮಾಡಿದ, ಅದು ಎಡಕ್ಕಿಂತ ಗಿಡ್ಡವಾಯಿತು. ಕರೆಯದೇ ಬಂದ ಟೈಲರ್ ಕೊರಳಿನ ಟೇಪು ತೆಗೆದು ಅಳೆದ. "ಎಡಗಡೆ ಒಂದು ನೂಲು ಜಾಸ್ತಿ," ಎಂದ. ಇನ್ನೆರಡು ಸಲ ಅಳೆಯುವಷ್ಟರಲ್ಲಿ ಅಳೆಯಲು ಏನೂ ಉಳಿಯಲಿಲ್ಲ. ಟೈಲರ್ ಟೇಪು ಸುತ್ತಿಕೊಂಡು, ಅಂಗಡಿಯಲ್ಲಿ ಇಸ್ತ್ರಿ ಕಾಯುತ್ತಿದೆಯೆಂದು ಜಾರಿಕೊಂಡ.

ಕನ್ನಡಿಯಲ್ಲಿ ಬೋಳು ತುಟಿಯ ಅಪರಿಚಿತನೊಬ್ಬ ಕಣ್ಣರಳಿಸಿ ನೋಡುತ್ತಿದ್ದ. ಹೆದರಿಕೆಗೆ ಮಾಲೀಕನ ಬಾಯಿ ತಾನಾಗಿ ತೆರೆದುಕೊಂಡಿತು. ತಲೆಯ ಬಣ್ಣ, ಹಾಲಿನವನ ಭಾವ, ಗುಮಾಸ್ತನ ನೊರೆ, ಮುಷ್ಕರ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿಬಿಟ್ಟ. "ತಪ್ಪು ನಂದೇ ಸಾರ್. ಅಂಗಡಿ ಮಾತ್ರ ಕಿತ್ಕೋಬೇಡಿ."

ಸಾರ್ ಅವರ ಭುಜ ಅಲುಗಿತು. ಅವರು ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನನ್ನವಳು ತೀರ್ಹೋಗಿ ಒಂದು ವರ್ಷ ಆಯ್ತಪ್ಪ," ಎಂದರು ಕೊನೆಗೆ. "ಮನೇಲಿ ಮಾತಾಡೋರೇ ಇಲ್ಲ. ಆ ಮೀಸೆ ಅವಳಿಗೆ ಒಂಚೂರೂ ಇಷ್ಟ ಇರ್ಲಿಲ್ಲ. ಈಗ ನೋಡಿದ್ರೆ ಖುಷಿಪಡ್ತಿದ್ಳು. ಅವರಿಬ್ಬರನ್ನೂ ಒಳಗೆ ಕರಿ."

ಮಾಲೀಕ ಹೊರಗೆ ಹೋಗಿ ಇಬ್ಬರ ಕೈ ಹಿಡಿದು, "ಎಷ್ಟು ಬೇಕಾದ್ರೂ ಮಾತಾಡ್ರಪ್ಪ, ರಜೆ ಕಟ್ ಇಲ್ಲ," ಎಂದು ಕರೆತಂದ. ಸಾರ್ ಐದು ವರ್ಷದ ಕರಾರಿಗೆ ಸಹಿ ಹಾಕಿ, ಕೆಳಗೆ ಸ್ವಂತ ಕೈಯಲ್ಲಿ ಒಂದು ಸಾಲು ಸೇರಿಸಿದರು. ಮಾಲೀಕ ಸಂತೋಷದಲ್ಲಿ ಓದದೆಯೇ ತನ್ನ ಸಹಿ ಜಡಿದ.

ಗೆದ್ದ ಹುರುಪಿನಲ್ಲಿ ರೇಡಿಯೋ, "ಸಾರ್, ಒಂದು ಸುದ್ದಿ..." ಎಂದ.

"ಸುದ್ದಿ ಅಂದ್ರೆ ನೆನಪಾಯ್ತು," ಎಂದರು ಸಾರ್.

ಈ ಕಟ್ಟಡಕ್ಕೆ ಇಟ್ಟಿಗೆ ಎಲ್ಲಿಂದ ತಂದದ್ದು ಎಂಬಲ್ಲಿಂದ ಅವರ ಕತೆ ಶುರುವಾಯಿತು. ಊಟದ ಹೊತ್ತಿಗೆ ಪಾಯ ಮುಗಿದಿತ್ತು. ಮೂರು ಗಂಟೆಗೆ ಕಿಟಕಿ ಕೂರಿಸಿದರು. ಹೌದಾ ಅಭ್ಯಾಸಬಲದಿಂದ "ಹೌದಾ?" ಎಂದಾಗಲೆಲ್ಲ ಅವರು ಮೊದಲಿನಿಂದ ಮತ್ತೆ ಹೇಳಿದರು. ಬಂದ ಗಿರಾಕಿಗಳು ಹಾಗೇ ವಾಪಸಾದರು. ರೇಡಿಯೋ ಆರು ಸಲ ಬಾಯಿ ತೆರೆದು ಆರು ಸಲವೂ ಮುಚ್ಚಿದ.

ಸಂಜೆ ಅವರು ಎದ್ದು ಹೋದ ಕೂಡಲೇ ರೇಡಿಯೋ ಮಾಲೀಕನ ಮುಂದೆ ಬಂದು ನಿಂತ. "ಯಜಮಾನ್ರೇ, ಅಂಗಡೀಲಿ ಮಾತು ಬಂದ್ ಮಾಡಿ. ನಾಳೆ ಆ ಸಾರ್ ಬಾಯಿ ತೆಗೆದ್ರೆ ನಾವು ಮತ್ತೆ ಕತ್ತರಿ ಕೆಳಗಿಡ್ತೀವಿ."

ಮಾಲೀಕ ಕರಾರು ಪತ್ರ ಬಿಡಿಸಿ, ಕೊನೆಯ ಸಾಲನ್ನು ಆಗ ಮೊದಲ ಸಲ ಜೋರಾಗಿ ಓದಿದ. "ನಡುವಿನ ಕುರ್ಚಿ ದಿನವೂ ನನಗೆ ಮೀಸಲು. ನನ್ನ ಮಾತಿಗೆ ಅಡ್ಡಿಪಡಿಸಿದ ದಿನವೇ ಕರಾರು ರದ್ದು."

ರೇಡಿಯೋ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದ.

"ನಾಳೆ ಮುಷ್ಕರ ಎಷ್ಟು ಗಂಟೆಗೆ?" ಎಂದು ಮಾಲೀಕ ಮೆಲ್ಲಗೆ ಕೇಳಿದ. "ನನ್ನನ್ನೂ ಸೇರಿಸ್ಕೊಳ್ರಪ್ಪ."

"ಅದು ಹೇಗಾಗುತ್ತೆ ಯಜಮಾನ್ರೇ?" ಎಂದ ರೇಡಿಯೋ, ಚಪ್ಪಲಿ ಮೆಟ್ಟುತ್ತಾ. "ನೀವು ಮಾಲೀಕರು. ನೀವು ಒಳಗೇ ಇರ್ಬೇಕು."