ಏರ್ ಫಿಲ್ಟರಿಗೆ ವಿಭೂತಿ

ಪರಮಶಿವಯ್ಯನವರಿಗೆ ಈ ಲೋಕದಲ್ಲಿ ಶತ್ರುಗಳೆಂದು ಯಾರೂ ಇರಲಿಲ್ಲ. ಇದ್ದವನು ಒಬ್ಬ ಭಾವಮೈದುನ. ಬನಶಂಕರಿಯ ಹತ್ತಿರದ ಮೇಲ್ಸೇತುವೆ ಬಂತೆಂದರೆ ಸಾಕು, ಸೋಮನಾಥನ ಕಾರು ಸರ್ರನೆ ಮುಂದೆ ಹೋಗುತ್ತಿತ್ತು. ಅಯ್ಯನವರ ಹಳೆಯ ಕಾರು ಮಂಡಿನೋವಿನ ಮುದುಕಿಯಂತೆ ನಿಟ್ಟುಸಿರು ಬಿಡುತ್ತ ಹತ್ತುತ್ತಿತ್ತು. ಆಚೆ ಇಳಿದರೆ ಸೋಮನಾಥ ರಸ್ತೆಬದಿಯಲ್ಲಿ ಕಾಯುತ್ತ ನಿಂತಿರುತ್ತಿದ್ದ.

"ಯಾಕ್ ಭಾವ, ಪಂಕ್ಚರ್ ಆಗಿತ್ತಾ?"

ಅಯ್ಯನವರ ಪಕ್ಕದಲ್ಲಿ ಕೂತಿದ್ದ ಸೋಮನಾಥನ ಅಕ್ಕ, ಎಂದರೆ ಅಯ್ಯನವರ ಧರ್ಮಪತ್ನಿ ಸರ್ವಮಂಗಳಾ, ಸೆರಗನ್ನು ಬಾಯಿಗಿಟ್ಟುಕೊಂಡು ನಗುತ್ತಿದ್ದರು. (ಅದು ನಗುವಲ್ಲ, ಕೆಮ್ಮು ಎಂದು ಆಮೇಲೆ ಸಮಜಾಯಿಷಿ.)

ಆಯುಧ ಪೂಜೆಗೆ ಮುಂಚೆ ಅಯ್ಯನವರು ಗುಟ್ಟಾಗಿ, ಸೇತುವೆಯಾಚೆಯ ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ ಕೆಂಪರಾಜು ರಾಜವೈದ್ಯನಂತೆ ಎಂಜಿನ್ನಿನ ನಾಡಿ ನೋಡಿದ.

"ದೊಡ್ಡ ಕೆಲಸ ಏನಿಲ್ಲ ಸಾರ್. ಗಾಳಿ ಜಾಸ್ತಿ ಎಳ್ಕೊಳ್ಳೋ ಏರ್ ಫಿಲ್ಟರ್ ಒಂದು, ಲ್ಯಾಪ್‌ಟಾಪಲ್ಲಿ ಒಂಚೂರು ಸೆಟ್ಟಿಂಗ್. ಗಾಡಿ ಸಖತ್ತಾಗಿ ಓಡುತ್ತೆ."

"ಇನ್ಶೂರೆನ್ಸ್‌ನೋರಿಗೆ ತಿಳಿಸ್ಬೇಕೇನಪ್ಪಾ?"

"ಕಟಿಂಗ್ ಮಾಡಿಸ್ಕೊಂಡ್ರೆ ಆಧಾರ್ ಕಾರ್ಡ್ ಬದಲಾಯಿಸ್ತೀರಾ ಸಾರ್?"

ಈ ಉಪಮೆ ಅಯ್ಯನವರಿಗೆ ವೇದವಾಕ್ಯವಾಯಿತು. ಇನ್ಶೂರೆನ್ಸಿನವರಿಗೆ ಹೇಳಲಿಲ್ಲ. ಹೆಂಡತಿಗಂತೂ ಹೇಳುವ ಮಾತೇ ಇರಲಿಲ್ಲ.

ಹಬ್ಬದ ಹಿಂದಿನ ಸಂಜೆ ಕೆಂಪರಾಜುವೇ ಕಾರನ್ನು ಮನೆಯ ಅಂಗಳಕ್ಕೆ ತಂದು ಬಿಟ್ಟುಹೋದ. ಮರುದಿನ ಸರ್ವಮಂಗಳಾ ಅದಕ್ಕೆ ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಆರತಿ ಎತ್ತಿ, ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟರು.

"ರೀ, ನಿಧಾನಕ್ಕೆ ಮುಂದಕ್ಕೆ ತಗೊಳ್ಳಿ."

ಅಯ್ಯನವರು ಅಭ್ಯಾಸಬಲದಿಂದ ಆಕ್ಸಿಲರೇಟರನ್ನು ಬಲವಾಗಿಯೇ ತುಳಿದರು. ಹಿಂದೆಲ್ಲ ಅಷ್ಟು ತುಳಿದರೆ ಕಾರು "ಕರೆದಿರಾ?" ಎನ್ನುವಂತೆ ಒಮ್ಮೆ ಅಲುಗುತ್ತಿತ್ತು. ಈ ಸಲ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ, ನೆಗೆದು, ಗೇಟಿನ ಕಂಬವನ್ನು ಅಪ್ಪಿಕೊಂಡಿತು. ಕಂಬದ ಮೇಲಿದ್ದ 'ಮಂಗಳ ನಿಲಯ' ಎಂಬ ಫಲಕ ಬಾನೆಟ್ಟಿನ ಮೇಲೆ ಬಂದು ಮಲಗಿತು. ರೇಡಿಯೇಟರು ಗಂಗೆಯನ್ನು ಧಾರಾಳವಾಗಿ ಹರಿಸಿತು.

"ಹೋಗಲಿ ಬಿಡು, ಇನ್ಶೂರೆನ್ಸ್ ಇದೆ" ಎಂದರು ಅಯ್ಯನವರು, ದೊಡ್ಡ ಮನಸ್ಸಿನಿಂದ.

ಹಬ್ಬ ಕಳೆದ ಮೇಲೆ ಕಂಪನಿಯ ಕಡೆಯಿಂದ ಶಾಲಿನಿ ಎಂಬ ಹುಡುಗಿ ಹಾನಿಯನ್ನು ನೋಡಲು ಬಂದಳು.

"ಎಂಜಿನ್‌ಗೆ ಏನಾದ್ರೂ ಬದಲಾವಣೆ ಮಾಡ್ಸಿದ್ದೀರಾ ಸಾರ್?"

"ಛೆ ಛೆ! ಕೊಂಡಾಗ ಹೇಗಿತ್ತೋ ಹಾಗೇ ಇದೆ ಮೇಡಂ. ಮದುವೆ ಸೀರೆ ಕಾಪಾಡ್ದಂಗೆ ಕಾಪಾಡಿದ್ದೀನಿ."

ಶಾಲಿನಿ ಸೊಟ್ಟಗಾದ ಬಾನೆಟ್ಟನ್ನು ಕಷ್ಟಪಟ್ಟು ಎತ್ತಿದಳು. ಒಳಗೆ ವರ್ಷಗಳ ಕಪ್ಪು ಜಿಡ್ಡು. ಅದರ ನಡುವೆ ಮದುಮಗನಂತೆ ಹೊಳೆಯುವ ಕೆಂಪು ಏರ್ ಫಿಲ್ಟರ್. ಅದರ ಮೇಲೆ ಮೂರೆಳೆ ವಿಭೂತಿ, ಮಧ್ಯೆ ಕುಂಕುಮ, ಬಾಡಿದ ಒಂದು ಸೇವಂತಿಗೆ.

"ಇದೊಂದಕ್ಕೇ ಯಾಕೆ ಆಂಟಿ ಪೂಜೆ?"

ಕಾಫಿ ಹಿಡಿದು ಬಂದ ಸರ್ವಮಂಗಳಾ ಉತ್ಸಾಹದಿಂದ ಹೇಳಿದರು: "ಹಬ್ಬದ ದಿನ ಇವರು ಸ್ನಾನಕ್ಕೆ ಹೋಗಿದ್ರಮ್ಮ. ಎಂಜಿನ್‌ಗೂ ಒಂದು ಹೂವಿಡೋಣ ಅಂತ ಬಾನೆಟ್ ತೆಗೆದ್ರೆ, ಇದು ಹೊಸದಾಗಿ ಕೂತಿದೆ! ನನಗೆ ಹೇಳ್ದೆ ತಂದಿದ್ದಾರೆ. ನನ್ನಿಂದ ಮುಚ್ಚಿಟ್ರು ಅಂತ ಹೊಸ ಸಾಮಾನನ್ನ ಪೂಜೆ ಇಲ್ದೆ ಬಿಡೋಕಾಗುತ್ತಾ?"

ಅಯ್ಯನವರು ಕಂಬದ ಬಿರುಕನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಕೊನೆಗೆ ಬ್ರಹ್ಮಾಸ್ತ್ರವನ್ನು ಹೊರತೆಗೆದರು. "ಬಹಳ ಸಣ್ಣದು ಮೇಡಂ. ಈಗ, ಕಟಿಂಗ್ ಮಾಡಿಸ್ಕೊಂಡ್ರೆ ಆಧಾರ್ ಕಾರ್ಡ್..."

"ಕಟಿಂಗ್ ಮಾಡಿಸ್ಕೊಂಡೋರು ಹೋಗಿ ಕಂಬಕ್ಕೆ ಗುದ್ದಲ್ಲ ಸಾರ್. ಮೊದಲೇ ತಿಳಿಸಿದ್ರೆ ಪಾಲಿಸಿಗೆ ಸೇರಿಸ್ತಿದ್ರು. ಪ್ರೀಮಿಯಂ ಸ್ವಲ್ಪ ಏರ್ತಿತ್ತೇನೋ, ಅಷ್ಟೇ. ಈಗ ಕಂಡಿದ್ದನ್ನ ನಾನು ಬರೀಲೇಬೇಕು." ಅವಳು ವಿಭೂತಿ ಚೆನ್ನಾಗಿ ಕಾಣುವಂತೆ ಫೋಟೋ ತೆಗೆದುಕೊಂಡು, ಕಾಫಿ ಕುಡಿದು ಹೋದಳು.

ಕ್ಲೇಮು ತಿರಸ್ಕೃತವಾಯಿತು. ಕಾರನ್ನು ಗ್ಯಾರೇಜಿಗೆ ಎಳೆದೊಯ್ಯಲು ಕಂಪನಿಯ ಗಾಡಿಯೂ ಬರಲಿಲ್ಲ. ಸರ್ವಮಂಗಳಾ ತಮ್ಮನಿಗೆ ಫೋನು ಮಾಡಿದರು. (ಬೇಡವೆನ್ನುವ ಹಕ್ಕನ್ನು ಅಯ್ಯನವರು ಬಾನೆಟ್ಟು ಎತ್ತಿದಾಗಲೇ ಕಳೆದುಕೊಂಡಿದ್ದರು.)

ಭಾನುವಾರ ಸೋಮನಾಥ ಹಗ್ಗ ತಂದು ಎರಡು ಕಾರುಗಳಿಗೂ ಗಂಟು ಹಾಕಿದ. ಸರ್ವಮಂಗಳಾ ತಮ್ಮನ ಕಾರಿನಲ್ಲಿ ಕೂತರು. ಹಿಂದಿನ ಕಾರಿನಲ್ಲಿ ಅಯ್ಯನವರೊಬ್ಬರೇ ಸ್ಟೀರಿಂಗ್ ಹಿಡಿದು ಗಂಭೀರವಾಗಿ ಕೂತರು. ಮೇಲ್ಸೇತುವೆ ಬಂತು. ಮುದುಕಿ ಒಂದು ನಿಟ್ಟುಸಿರನ್ನೂ ಬಿಡದೆ ಸಲೀಸಾಗಿ ಏರಿದಳು.

ಮುಂದಿನ ಕಿಟಕಿಯಿಂದ ಸೋಮನಾಥನ ತಲೆ ಹೊರಗೆ ಬಂತು.

"ಭಾವ! ಇವತ್ತು ಕಾಯೋ ಕೆಲಸಾನೇ ಇಲ್ಲ ನೋಡಿ, ಜೊತೆಗೇ ಬರ್ತಿದ್ದೀರಿ!"

ಅವನ ಪಕ್ಕದಲ್ಲಿ ಯಾರೋ ಜೋರಾಗಿ ಕೆಮ್ಮಿದರು.