ಲಾಗ್ ಲೆಕ್ಕದ ಕೊಸರು

ಲೆಕ್ಕದ ಪಾಠ ಮಾಡುವವರಿಗೆ ಇರಬಾರದ ಚಟವೊಂದು ನನಗಿದೆ. ಎಲೆಅಡಿಕೆಯಲ್ಲ, ಸೀರಿಯಲ್ಲೂ ಅಲ್ಲ. ಹೋಲಿಕೆ ಕೊಡುವ ಚಟ. ಯಾವ ಸೂತ್ರವನ್ನಾದರೂ ಅದು ಇದ್ದ ಹಾಗೆ ಬೋರ್ಡಿನ ಮೇಲೆ ಬರೆದು ಸುಮ್ಮನಿರಲು ನನ್ನಿಂದಾಗದು. ಬರೆದು ತಿರುಗಿದ ಕೂಡಲೇ "ಇದು ಹೇಗಪ್ಪಾ ಅಂದರೆ..." ಎಂದು ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಕನ್ನಡದ ಮೇಡಂ ಹೀಗೆ ಮಾಡಿದರೆ ಉಪಮಾಲಂಕಾರ ಅನ್ನುತ್ತಾರೆ, ನಾನು ಮಾಡಿದರೆ ಹರಟೆ ಅನ್ನುತ್ತಾರೆ. ಚನ್ನಪಟ್ಟಣದ ಒಂದು ಪಿಯು ಕಾಲೇಜಿನಲ್ಲಿ ಬಹಳ ವರ್ಷಗಳಿಂದ ಗಣಿತ ಹೇಳುತ್ತಿದ್ದೇನೆ. ನನ್ನ ತರಗತಿಯಲ್ಲಿ ಫಂಕ್ಷನ್ ಎಂದರೆ ಹಿಟ್ಟಿನ ಗಿರಣಿ. ರಾಗಿ ಹಾಕಿದರೆ ರಾಗಿಹಿಟ್ಟು, ಅಕ್ಕಿ ಹಾಕಿದರೆ ಅಕ್ಕಿಹಿಟ್ಟು. ಮ್ಯಾಟ್ರಿಕ್ಸ್ ಎಂದರೆ ಮೊಟ್ಟೆಯ ಟ್ರೇ. ಲಿಮಿಟ್ ಎಂದರೆ ತಳ ಮುಟ್ಟದ ಉಪ್ಪಿನಕಾಯಿ ಜಾಡಿಗೆ ಕೈ ಹಾಕುವುದು. ನಮ್ಮ ಯಜಮಾನರು ಒಮ್ಮೆ ಇದನ್ನೆಲ್ಲ ಕೇಳಿಸಿಕೊಂಡು, "ನಿನ್ನ ಕ್ಲಾಸಲ್ಲಿ ಕೂತವರಿಗೆ ಲೆಕ್ಕ ಬರದೇ ಇದ್ದರೂ ಹಸಿವಂತೂ ಆಗುತ್ತೆ" ಎಂದಿದ್ದರು. ಆಗ ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಈ ಚಟ ನನ್ನನ್ನು ಮಣ್ಣುಮುಕ್ಕಿಸಿದ್ದು ಲಾಗ್ ಲೆಕ್ಕದಲ್ಲಿ. ದ್ವಿತೀಯ ಪಿಯುಸಿಯಲ್ಲಿ ಇಂಟಿಗ್ರೇಷನ್ ಶುರುವಾದಾಗ ಮಕ್ಕಳು ಖುಷಿಯಾಗಿಯೇ ಇರುತ್ತಾರೆ. ಎಕ್ಸ್‌ಗೆ ಯಾವ ಘಾತ ಇದ್ದರೂ ಒಂದೇ ನಿಯಮ: ಘಾತಕ್ಕೆ ಒಂದು ಕೂಡು, ಕೂಡಿ ಬಂದದ್ದರಿಂದ ಭಾಗಿಸು. ಘಾತ ಮೈನಸ್ ಒಂದಾದಾಗ ಮಾತ್ರ ಸೊನ್ನೆಯಿಂದ ಭಾಗಿಸಬೇಕಾಗಿ ಬಂದು ನಿಯಮ ಕೈಚೆಲ್ಲುತ್ತದೆ. ಮದುವೆ ಪಂಕ್ತಿಯಲ್ಲಿ ಎಲ್ಲರೂ ಒಂದೇ ಸಾರು ಹಾಕಿಸಿಕೊಂಡು ಉಣ್ಣುವಾಗ "ನಂಗೆ ಬೇಳೆ ಆಗಾಕಿಲ್ಲ" ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯುವ ಒಬ್ಬ ಚಿಕ್ಕಪ್ಪ ಇರುತ್ತಾನಲ್ಲ, ಹಾಗೆ. (ನೋಡಿದಿರಾ, ಚಟ!) ಅವನಿಗೆ ಬೇರೆಯೇ ಅಡುಗೆ ಆಗಬೇಕು. ಆ ಅಡುಗೆಯೇ ಲಾಗ್. ಅದೂ ಲಾಗ್ ಟೇಬಲ್ಲಿನ ಹತ್ತರ ಲಾಗ್ ಅಲ್ಲ, ಎರಡು ಪಾಯಿಂಟ್ ಏಳು ಒಂದು ಎಂಟು ಎಂದು ಕೊನೆಯಿಲ್ಲದೆ ಹೋಗುವ ಒಂದು ವಿಚಿತ್ರ ಸಂಖ್ಯೆಯ ಮೇಲೆ ನಿಂತ ಸ್ವಾಭಾವಿಕ ಲಾಗ್. ಇದನ್ನು ಹೇಳಿದ ದಿನ ಹೊಂಗನೂರಿನಿಂದ ಬರುವ ಒಬ್ಬ ಹುಡುಗ ಎದ್ದು ನಿಂತು, "ಮೇಡಂ, ಒಸಿ ಎಳೆದು ಮೂರು ಅಂತ ಮಾಡ್ಕೊಂಡ್ರೆ ಯಾರಿಗೇನು ನಷ್ಟ?" ಎಂದು ಕೇಳಿದ. ಇದರಲ್ಲಿ ಸ್ವಾಭಾವಿಕ ಏನು ಬಂತು ಎಂದು ಮತ್ತೊಬ್ಬಳು ಕೇಳಿದಳು. ಘಂಟೆ ಹೊಡೆದದ್ದರಿಂದ ನಾನು ಬಚಾವಾದೆ.

ಆ ತರಗತಿಯ ಮೂರನೇ ಬೆಂಚಿನಲ್ಲಿ ನಮ್ಮ ನಾದಿನಿಯ ಮಗಳು ಪವಿತ್ರ ಕೂರುತ್ತಿದ್ದಳು. ಸಾತನೂರಿನ ಕಡೆಯವಳು. ನಮ್ಮ ಮನೆಯಲ್ಲೇ ಇದ್ದುಕೊಂಡು ಓದುತ್ತಿದ್ದಳು. ಕಾಲೇಜಿನಲ್ಲಿ ನಾನು ಅವಳಿಗೆ ಮೇಡಂ, ಗೇಟು ದಾಟಿದರೆ ಅತ್ತೆ. ಅವಳಿಗೆ ಬಿ.ಎಸ್ಸಿ.ಯಲ್ಲಿ ಗಣಿತ ಓದಬೇಕೆಂಬ ಆಸೆ. ಅವಳಪ್ಪ ಪುಟ್ಟಸ್ವಾಮಣ್ಣನಿಗೆ ಅದರಲ್ಲಿ ಒಂದಿಷ್ಟೂ ನಂಬಿಕೆ ಇಲ್ಲ. ಹಿಪ್ಪುನೇರಳೆ ತೋಟ, ಹಸು, ಡೈರಿ ಎಂದು ಮೈಮುರಿದು ದುಡಿಯುವ ಮನುಷ್ಯ; ಮಗಳು ಬೇಗ ಒಂದು ದಾರಿ ಹಿಡಿದರೆ ಸಾಕು ಅವರಿಗೆ. "ಲೆಕ್ಕ ಓದ್ದೋರೆಲ್ಲ ಏನು ಕಿಸ್ದವ್ರೆ?" ಎಂದು ನನ್ನ ಎದುರಿಗೇ ಕೇಳಿ, ಆಮೇಲೆ ನಾನೂ ಲೆಕ್ಕ ಓದಿದವಳೆಂದು ನೆನಪಾಗಿ, "ನಿನ್ನ ಮಾತು ಬುಡವ್ವ, ನಿಂದು ಬ್ಯಾರೆ" ಎಂದು ತಿದ್ದಿಕೊಂಡಿದ್ದರು. ಕೊನೆಗೆ ನನ್ನ ಭರವಸೆಯ ಮೇಲೆ ಒಪ್ಪಿದರು. ಕರಾರು ಇಷ್ಟೇ: ಲೆಕ್ಕ ಚೆನ್ನಾಗಿ ಬಂದರೆ ಬಿ.ಎಸ್ಸಿ., ಬರದಿದ್ದರೆ ಊರಿಗೆ ವಾಪಸ್ಸು ಬಂದು ಕನಕಪುರದಲ್ಲಿ ಕಂಪ್ಯೂಟರ್ ಕ್ಲಾಸು.

ಇಂಥ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ನಾನು ಮಾಡಿದ ಘನಕಾರ್ಯ ಕೇಳಿ. ಇಂಟಿಗ್ರೇಷನ್ ಮಾಡಿದ ಮೇಲೆ ಕೊನೆಯಲ್ಲಿ 'ಪ್ಲಸ್ ಸಿ' ಎಂದು ಬರೆಯಬೇಕು. ಎಷ್ಟು ಎಂದು ಗೊತ್ತಿಲ್ಲದ ಒಂದು ಸ್ಥಿರಾಂಕ ಅದು. ಮಕ್ಕಳು ಅದನ್ನು ಮರೆಯುತ್ತಾರೆ, ಮಾರ್ಕ್ಸು ಕಳೆದುಕೊಳ್ಳುತ್ತಾರೆ. ಪ್ರಪಂಚದ ಎಲ್ಲ ಲೆಕ್ಕದ ಮೇಷ್ಟರುಗಳೂ ಗಂಟಲು ಹರಿದುಕೊಳ್ಳುವುದು ಈ ಸಿ ವಿಷಯಕ್ಕೇ. ಒಂದು ಸಂಜೆ ಸಂತೆಯಲ್ಲಿ ಹುರುಳಿಕಾಯಿ ತೂಗಿಸಿಕೊಂಡು ನಿಂತಿದ್ದಾಗ, ಅಂಗಡಿಯಾಕೆ ತಕ್ಕಡಿ ಇಳಿಸಿ ಇನ್ನೊಂದು ಹಿಡಿ ತೆಗೆದು ಚೀಲಕ್ಕೆ ಹಾಕಿದಳು. ಕೊಸರು! ತೂಕವೆಲ್ಲ ಮುಗಿದ ಮೇಲೆ, ಅಳತೆಯಿಲ್ಲದೆ, ಕೊಡುವವರ ಕೈ ಬಂದಷ್ಟು. ನನಗೆ ಅಲ್ಲೇ ಕುಣಿಯಬೇಕೆನಿಸಿತು. ಮಾರನೆಯ ದಿನ ಬೋರ್ಡಿನ ಮೇಲೆ ಸಿ ಬರೆದು ಸುತ್ತ ವೃತ್ತ ಎಳೆದು, "ಇದು ಕೊಸರು. ಕೊಸರು ಇಸಕೊಳ್ಳದೆ ಅಂಗಡಿಯಿಂದ ಬರುವವರು ನಿಮ್ಮಲ್ಲಿ ಯಾರಿದ್ದೀರಿ?" ಎಂದು ಕೇಳಿದೆ. ಯಾರೂ ಇರಲಿಲ್ಲ. ಅಂದಿನಿಂದ ತರಗತಿಯಲ್ಲಿ ಒಬ್ಬರೂ ಸಿ ಮರೆಯಲಿಲ್ಲ. ಯಾರಾದರೂ ಬೋರ್ಡಿನ ಹತ್ತಿರ ತಡವರಿಸಿದರೆ ಹಿಂದಿನಿಂದ "ಕೊಸರು ಇಸ್ಕೊಳ್ಲಾ!" ಎಂಬ ಕೂಗು. ನಾನು ವಾರಗಟ್ಟಲೆ ಬೀಗಿದೆ. ಸ್ಟಾಫ್ ರೂಮಿನಲ್ಲಿ ಕೇಳದವರಿಗೂ ಹೇಳಿದೆ.

ಪ್ರಿಪರೇಟರಿ ಪರೀಕ್ಷೆಯ ಪೇಪರುಗಳನ್ನು ಆ ಸಲ ಕಾಲೇಜುಗಳು ಪರಸ್ಪರ ಬದಲಾಯಿಸಿಕೊಂಡಿದ್ದವು. ನಮ್ಮವು ಕನಕಪುರದ ಶಿವಣ್ಣ ಸರ್ ಕೈಗೆ ಹೋಗಿದ್ದವು. ಒಂದು ಮಧ್ಯಾಹ್ನ ಅವರ ಫೋನು ಬಂತು. ಅವರು ಬಹಳ ಮೆಲುದನಿಯ ಮನುಷ್ಯ, ಅಂದು ಇನ್ನೂ ಮೆಲ್ಲಗೆ ಮಾತಾಡಿದರು.

"ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಾಲೇಜಲ್ಲಿ ರೂಮ್ ಡ್ಯೂಟಿ ಒಸಿ ಸಡಿಲ ಇತ್ತಾ?"

"ಯಾಕೆ ಸಾರ್?"

"ಲಾಗ್ ಲೆಕ್ಕದಲ್ಲಿ ಇಡೀ ಕ್ಲಾಸು ಒಂದೇ ತಪ್ಪು ಮಾಡೈತೆ. ಒಂದೇ ಜಾಗ, ಒಂದೇ ತಪ್ಪು. ಒಬ್ಬರದು ನೋಡಿ ಒಬ್ಬರು ಬರೆದವ್ರೆ ಅಂತ ಕಾಣುತ್ತೆ. ಅದಿರಲಿ, ಒಬ್ಬ ಹುಡುಗ ಕೊನೇಲಿ 'ಪ್ಲಸ್ ಕೊಸರು' ಅಂತ ಬರೆದವನೆ. ಅದೇನು ಮೇಡಂ ಅದು?"

ಲೆಕ್ಕ ಇಷ್ಟೇ: ಡಿ ವೈ ಬೈ ವೈ ಈಕ್ವಲ್ಸ್ ಡಿ ಎಕ್ಸ್ ಬೈ ಎಕ್ಸ್. ಎರಡೂ ಕಡೆ ಇಂಟಿಗ್ರೇಟ್ ಮಾಡಿದರೆ ಒಂದು ಕಡೆ ಲಾಗ್ ವೈ, ಇನ್ನೊಂದು ಕಡೆ ಲಾಗ್ ಎಕ್ಸ್. ಸಿ ಅಲ್ಲೇ ಸೇರಬೇಕು. ಲಾಗ್‌ಗಳ ಸಾಲಿನಲ್ಲಿರುವುದರಿಂದ ಅನುಕೂಲಕ್ಕೆ ಅದಕ್ಕೂ ಲಾಗ್ ಹಾಕಿ 'ಲಾಗ್ ಸಿ' ಎಂದು ಬರೆಯುತ್ತಾರೆ. ಲಾಗ್ ಇದ್ದಾಗ ಕೂಡಿದ್ದು, ಲಾಗ್ ತೆಗೆದಾಗ ಗುಣಿಸಿಬಿಡುತ್ತದೆ. ಹಾಗಾಗಿ ಉತ್ತರ ವೈ ಈಕ್ವಲ್ಸ್ ಸಿ ಎಕ್ಸ್. ನನ್ನ ಮಕ್ಕಳು ಮಾಡಿದ್ದೇನು? ಕೊಸರು ಯಾವಾಗ ಕೊಡುತ್ತಾರೆ? ತೂಕವೆಲ್ಲ ಮುಗಿದ ಮೇಲೆ. ತಕ್ಕಡಿಯಲ್ಲಿ ಸಾಮಾನು ಇರುವಾಗಲೇ ಕೊಸರು ಹಾಕುವ ಅಂಗಡಿಯವರನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ಆದ್ದರಿಂದ ಮೊದಲು ಅಚ್ಚುಕಟ್ಟಾಗಿ ಲಾಗ್ ಎಲ್ಲ ತೆಗೆದು, ವೈ ಈಕ್ವಲ್ಸ್ ಎಕ್ಸ್ ಮಾಡಿಕೊಂಡು, ಎಲ್ಲ ಮುಗಿದ ಮೇಲೆ ಮರ್ಯಾದೆಯಿಂದ ಪ್ಲಸ್ ಸಿ ಹಾಕಿದ್ದರು. ಸಂತೆಯ ನ್ಯಾಯಕ್ಕೆ ಸರಿ, ಗಣಿತಕ್ಕೆ ಪೂರಾ ತಪ್ಪು.

ಫೋನಿನಲ್ಲಿ ಏನು ಹೇಳುವುದು? ಹೌದು, ಕಾಪಿ ಹೊಡೆದರು ಎಂದರೆ ಮಕ್ಕಳ ಮಾನ ಹೋಗುತ್ತದೆ. ಇಲ್ಲ, ನಾನೇ ಹೀಗೆ ಹೇಳಿಕೊಟ್ಟೆ ಎಂದರೆ ನನ್ನದು. ಒಂದು ಕ್ಷಣ, ಒಂದೇ ಒಂದು ಕ್ಷಣ, ಮಕ್ಕಳ ಮಾನ ಅಷ್ಟೇನೂ ದೊಡ್ಡದಲ್ಲ ಅನ್ನಿಸಿದ್ದು ನಿಜ. ಆಮೇಲೆ ಕೊಸರಿನ ಕತೆಯೆಲ್ಲ ಹೇಳಿದೆ. ಶಿವಣ್ಣ ಸರ್ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಹೋಲಿಕೆ ಚೆನ್ನಾಗೈತೆ ಮೇಡಂ" ಎಂದು ಮಾತ್ರ ಅಂದರು.

ಪವಿತ್ರಳ ಅಂಕಗಳೂ ಇದರಲ್ಲೇ ಕೊಚ್ಚಿಹೋಗಿದ್ದವು. ಸುದ್ದಿ ನಾನು ಹೇಳುವ ಮೊದಲೇ ಸಾತನೂರಿಗೆ ತಲುಪಿತ್ತು. ಪುಟ್ಟಸ್ವಾಮಣ್ಣ ಫೋನು ಮಾಡಿ, "ತಂಗೀ, ನಿನ್ನ ಬೈತಿಲ್ಲ ಕಣವ್ವ. ಅವ್ಳ ತಲೆಗೆ ಅತ್ತಾಕಿಲ್ಲ ಅಂದ್ರೆ ನೀನೇನು ಮಾಡೀಯೆ. ಪರೀಕ್ಸೆ ಬರೀಲಿ, ಮುಗ್ದೇಟ್ಗೆ ನಾನೇ ಬಂದು ಕರ್ಕೊಂಡೋಯ್ತೀನಿ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಲೆಗೆ ಹತ್ತದಿದ್ದುದು ಅವಳ ತಪ್ಪಲ್ಲ, ಹತ್ತಬಾರದ್ದನ್ನು ಹತ್ತಿಸಿದ್ದು ನಾನು ಎಂದು ಹೇಳಲು ಹೋದೆ. ಅವರು "ದನ ಬುಟ್ಕೊಂಡವೆ, ಇಡ್ತೀನಿ" ಎಂದು ಇಟ್ಟುಬಿಟ್ಟರು. ಆ ಹುಡುಗಿ ಒಳಕೋಣೆಯಲ್ಲಿ ಕೂತು ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತಿದ್ದಳು.

ಈ ಸಂಕಟಕ್ಕೆ ನಾನು ಕಂಡುಕೊಂಡ ಮದ್ದು ಏನು ಗೊತ್ತೆ? ಇನ್ನೊಂದು ಹೋಲಿಕೆ. ಅಡುಗೆಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತಿದ್ದಾಗ ಹೊಳೆಯಿತು. ಹೆಪ್ಪು! ಹಾಲು ಹಾಲಾಗಿರುವಾಗಲೇ ಹಾಕಬೇಕು. ಒಂದೇ ಚಮಚ, ಆದರೆ ಪಾತ್ರೆ ಪೂರ್ತಿ ಮೊಸರಾಗುತ್ತದೆ. ಮೊಸರಾದ ಮೇಲೆ ಹೆಪ್ಪು ಹಾಕುವವರುಂಟೇ? "ಪವಿತ್ರಾ, ಓಡಿ ಬಾರೇ, ನೋಡಿಲ್ಲಿ, ಸಿ!" ಎಂದು ಚಮಚ ಎತ್ತಿ ಹಿಡಿದು ಕೂಗಿದೆ. ಅವಳು ಬಾಗಿಲಲ್ಲಿ ನಿಂತು ಚಮಚವನ್ನೂ ನನ್ನನ್ನೂ ನೋಡಿ, "ಅತ್ತೆ, ಮನೇಲಾದ್ರೂ ಬುಟ್ಬುಡಿ" ಎಂದಳು. ನಾನು ಬಿಡಲಿಲ್ಲ. ಮಾರನೆಯ ದಿನ ತರಗತಿಯಲ್ಲಿ ಕೊಸರನ್ನು ಅಧಿಕೃತವಾಗಿ ಹಿಂತೆಗೆದುಕೊಂಡು ಹೆಪ್ಪನ್ನು ಜಾರಿಗೆ ತಂದೆ.

ಹೊಂಗನೂರಿನ ಹುಡುಗ ಎದ್ದ. "ಮೇಡಂ, ಹೆಪ್ಪು ಜಾಸ್ತಿ ಆದ್ರೆ ಹುಳಿ ಬರುತ್ತಲ್ಲ, ಸಿ ಎಷ್ಟು ಹಾಕ್ಬೇಕು?"

"ಎಷ್ಟಾದರೂ ಇರಬಹುದು ಕಣೋ."

"ಹಂಗಾದ್ರೆ ಅದು ಹೆಪ್ಪಲ್ಲ ಬುಡಿ ಮೇಡಂ."

ಆಮೇಲೆ ಕೊಟ್ಟ ಟೆಸ್ಟಿನಲ್ಲಿ ಲಾಗ್ ಲೆಕ್ಕಗಳೆಲ್ಲ ಸರಿಯಾಗಿದ್ದವು. ನಾನು ದೇವರಿಗೆ ಕೈಮುಗಿದು ಪುಟ ತಿರುಗಿಸಿದೆ. ಎಕ್ಸ್ ವರ್ಗದ ಇಂಟಿಗ್ರೇಷನ್ನು. ಲಾಗಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಅಲ್ಲೂ ಅರ್ಧ ತರಗತಿ 'ಪ್ಲಸ್ ಲಾಗ್ ಸಿ' ಎಂದು ಬರೆದಿತ್ತು. ಕಂಡ ಕಂಡ ಪಾತ್ರೆಗೆಲ್ಲ ಹೆಪ್ಪು ಹಾಕಿದ್ದರು. ಇದರ ದೊಡ್ಡ ಕಷ್ಟವೆಂದರೆ, ಕಟ್ಟುನಿಟ್ಟಾಗಿ ನೋಡಿದರೆ ಅದು ತಪ್ಪಲ್ಲ. ಲಾಗ್ ಸಿ ಕೂಡ ಒಂದು ಸ್ಥಿರಾಂಕವೇ. ತಪ್ಪು ಎಂದು ಗೀಚಲು ನ್ಯಾಯವಿಲ್ಲ, ಸರಿ ಎಂದು ಗುರುತು ಹಾಕಲು ಮನಸ್ಸಿಲ್ಲ. ಕೆಂಪು ಪೆನ್ನಿನ ಹಿಂತುದಿಯಿಂದ ಹಣೆ ಒತ್ತಿಕೊಳ್ಳುತ್ತಿದ್ದೆ. ಎದುರಿಗೆ ಕೂತಿದ್ದ ಕೆಮಿಸ್ಟ್ರಿ ಮೇಡಂ "ಯಾಕೆ, ತಲೆನೋವಾ?" ಎಂದು ಝಂಡುಬಾಮು ಕೊಟ್ಟರು. ಹಚ್ಚಿಕೊಂಡೆ.

ವಾರ್ಷಿಕ ಪರೀಕ್ಷೆಯ ದಿನ ಪವಿತ್ರಳನ್ನು ಬಿಡಲು ನಾನೇ ಹೋಗಿದ್ದೆ. ಗೇಟಿನ ಹತ್ತಿರ ಕೊನೆಯದಾಗಿ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವಳು ಅವಸರವಾಗಿ, "ಏನೂ ಏಳ್ಬೇಡಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ನಿಜವಾಗಿಯೂ ಕಾಲಿಗೆ ಬಿದ್ದು ಒಳಗೆ ಓಡಿದಳು. ಹೊರಗೆ ನಿಂತಿದ್ದ ಪೋಷಕರು ಇಷ್ಟು ಗುರುಭಕ್ತಿಯ ಹುಡುಗಿಯನ್ನು ತಾವು ಕಂಡಿಲ್ಲವೆಂದು ಮೆಚ್ಚಿದರು. ನಾನು ಕೆಂಗಲ್ ಆಂಜನೇಯನಿಗೆ ಹರಕೆ ಹೊತ್ತುಕೊಂಡು ಮನೆಗೆ ಬಂದೆ.

ಫಲಿತಾಂಶ ಬಂದ ದಿನ ನಮ್ಮ ಯಜಮಾನರ ಮೊಬೈಲಿನ ಸುತ್ತ ನಾವೆಲ್ಲ ಕುರಿಗಳ ಹಾಗೆ ತಲೆ ಸೇರಿಸಿ ನಿಂತಿದ್ದೆವು. ತೆರೆದುಕೊಂಡಾಗ ಮೊದಲು ಕಂಡದ್ದೇ ಗಣಿತ. ಕಾಲೇಜಿಗೇ ಅವಳದು ಹೆಚ್ಚು. ನನಗೆ ಅಳು ಬಂತು; ಅತ್ತೂಬಿಟ್ಟೆ. ಮಾರನೆಯ ದಿನ ಪುಟ್ಟಸ್ವಾಮಣ್ಣ ಹೊಸ ಹುಣಸೆಹಣ್ಣು, ಒಂದು ಚೀಲ ಮಾವಿನಕಾಯಿ ಹೊತ್ತುಕೊಂಡು ಬಂದರು. ಚೀಲ ಇಳಿಸಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು, "ತಂಗೀ, ನಾನು ಸೋತೆ ಕಣವ್ವ. ಮೈಸೂರಿಗಾದ್ರೂ ಸೇರ್ಸು, ರಾಮನಗರಕ್ಕಾದ್ರೂ ಸೇರ್ಸು, ಅವ್ಳು ಲೆಕ್ಕಾನೇ ಓದ್ಲಿ. ಎಂಗ್ ಏಳ್ಕೊಟ್ಟೆ ಅಂತೀನಿ!" ಎಂದರು. ನಾನು ವಿನಯದಿಂದ ತಲೆ ತಗ್ಗಿಸಿ, ಹೆಪ್ಪಿನ ವಿಚಾರ ಎಲ್ಲಿಂದ ಶುರುಮಾಡಲಿ ಎಂದು ಯೋಚಿಸುತ್ತಿದ್ದೆ.

ಪವಿತ್ರ ಕಾಫಿ ತಂದಿಟ್ಟಳು. "ಅಪ್ಪೋ, ಅತ್ತೆ ಏಳಿದ್ನ ನಾನು ನಂಬ್ನೇ ಇಲ್ಲ ಕಣಪ್ಪೋ. ಅದುಕ್ಕೇ ಇಷ್ಟು ಬಂದದ್ದು."

"ಏಯ್, ಏನೇ ಅಂಗಂದ್ರೆ? ಮೇಡಮ್ಮೋರ್ನ ಇಡ್ಕೊಂಡು!"

"ನಿಜ ಕಣಪ್ಪ. ಪ್ರಿಪರೇಟರೀಲಿ ನಂಬಿ ಕೆಟ್ಟೆ. ಆಮ್ಯಾಕೆ ಕೊಸರೂ ಬ್ಯಾಡ, ಹೆಪ್ಪೂ ಬ್ಯಾಡ ಅಂತ, ಉತ್ರ ಬಂದೇಟ್ಗೆ ಅದ್ನ ತಿರುಗ ಲೆಕ್ಕದೊಳಕ್ಕೇ ಆಕಿ ಕೂಡ್ತದಾ ಅಂತ ನೋಡ್ತಿದ್ದೆ. ಕೂಡಿದ್ರೆ ಸರಿ, ಕೂಡ್ನಿಲ್ಲ ಅಂದ್ರೆ ಒಡ್ದಾಕಿ ತಿರುಗ ಮಾಡ್ತಿದ್ದೆ. ಅಷ್ಟೇಯ."

ಹುಡುಗಿ ಹೇಳಿದ್ದು ಅಕ್ಷರಶಃ ಸರಿ. ಬಂದ ಉತ್ತರವನ್ನು ಡಿಫರೆನ್ಷಿಯೇಟ್ ಮಾಡಿ ಮೂಲ ಲೆಕ್ಕಕ್ಕೆ ಹಾಕಿ ನೋಡಿದರೆ, ಎಕ್ಸ್ ಪ್ಲಸ್ ಸಿ ಸುಳ್ಳು, ಸಿ ಎಕ್ಸ್ ನಿಜ ಎಂದು ಲೆಕ್ಕವೇ ಬಾಯಿಬಿಟ್ಟು ಹೇಳುತ್ತದೆ. ಸಂತೆಯನ್ನೂ ಹಾಲಿನ ಪಾತ್ರೆಯನ್ನೂ ತರಗತಿಗೆ ಹೊತ್ತು ತಂದವಳು ಈ ಒಂದು ಮಾತನ್ನು ಮಾತ್ರ ಹೇಳಿರಲಿಲ್ಲ. ಕೋಪ ಬರಬೇಕಿತ್ತು, ಬರಲಿಲ್ಲ. ಇಂಥವಳು ಲೆಕ್ಕ ಓದದೆ ಇನ್ಯಾರು ಓದಬೇಕು ಎಂದು ಹೆಮ್ಮೆಯೇ ಆಯಿತು. "ಅವಳು ಹೇಳಿದ್ದು ಸರಿ ಅಣ್ಣ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಮ್ಮ ಯಜಮಾನರಿಗೆ ಆಯಿತು, ಎದ್ದು ಹಿತ್ತಿಲಿಗೆ ಹೋಗಿ ನಕ್ಕು ಬಂದರು.

ಈ ವರ್ಷ ಹೊಸ ಬ್ಯಾಚಿಗೆ ಇಂಟಿಗ್ರೇಷನ್ ಶುರುಮಾಡುವ ದಿನ ಗಟ್ಟಿ ಮನಸ್ಸು ಮಾಡಿಕೊಂಡು ಹೋದೆ. ಯಾವ ಹೋಲಿಕೆಯನ್ನೂ ಕೊಡಲಿಲ್ಲ. ಬೋರ್ಡಿನ ನಡುಮಧ್ಯೆ ನಿಂತು, "ಮಕ್ಕಳೇ, ನಾನು ಹೇಳುವುದನ್ನು ಯಾರೂ ಹಾಗೆಯೇ ನಂಬಬೇಡಿ" ಎಂದು ಗಂಭೀರವಾಗಿ ಹೇಳಿದೆ. ಎಲ್ಲರೂ ಬಹಳ ನಂಬಿಕೆಯಿಂದ ಅದನ್ನು ಬರೆದುಕೊಂಡು, ಸ್ಕೇಲು ಇಟ್ಟು ಅಡಿಗೆರೆ ಎಳೆದರು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ಕೇಳಿದಳು: "ಮೇಡಂ, ಇದು ಎಷ್ಟು ಮಾರ್ಕ್ಸಿಗೆ ಬರುತ್ತೆ?"